ತಲೆಬುರುಡೆ ಚೀಟಿಯ ತೊಟ್ಟಿಲು

ಪೆಟ್ಟಿಗೆಗಳ ಮೇಲೆ ಗಾಜಿನ ಲೋಟದ ಚಿತ್ರ ಅಂಟಿಸುವುದನ್ನು ಕಂಡುಹಿಡಿದವನು ತನ್ನ ಜೀವಮಾನದಲ್ಲಿ ಒಬ್ಬ ಹಮಾಲನನ್ನೂ ನೋಡಿರಲಿಲ್ಲ ಎಂಬುದು ಕೆಂಡಪ್ಪನ ಖಚಿತ ಅಭಿಪ್ರಾಯವಾಗಿತ್ತು. ನೋಡಿದ್ದರೆ ‘ಒಡೆಯುವ ವಸ್ತು, ಜೋಪಾನ’ ಎಂದು ಊರಿಗೆಲ್ಲ ಸಾರಿ ಹೇಳುವ ದಡ್ಡತನ ಮಾಡುತ್ತಿರಲಿಲ್ಲ. ಆ ಚೀಟಿ ಕಂಡರೆ ಸಾಕು, ಹಮಾಲರ ತೋಳುಗಳಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ಮೇಲ್ಮುಖದ ಬಾಣದ ಗುರುತಿದ್ದರಂತೂ ಮುಗಿದೇ ಹೋಯಿತು. ಯಾವ ದಿಕ್ಕಿಗೆ ಎಸೆಯಬೇಕೆಂದು ಕಳಿಸಿದವರೇ ತೋರಿಸಿಕೊಟ್ಟಿದ್ದಾರೆ ಎಂದು ಅವರು ತಿಳಿಯುತ್ತಿದ್ದರು.

ಕೆಂಡಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸರಕು ಸಾಗಿಸುವ ಕಂಪನಿಯ ಪಾರ್ಸೆಲ್ ಆಫೀಸಿಗೆ ಬುಕಿಂಗ್ ಗುಮಾಸ್ತನಾಗಿ ಸೇರಿದ ಮೊದಲ ವಾರವೇ, ಯಾರದೋ ಗೋಡೆ ಗಡಿಯಾರವನ್ನು ಚೆಂಡಿನಂತೆ ಕೈಯಿಂದ ಕೈಗೆ ದಾಟಿಸುತ್ತಿದ್ದ ಹಮಾಲರ ಮೇಲೆ ಅವನು ಹಾರಾಡಿದ್ದ. ಆ ಹಾರಾಟಕ್ಕೆ ಮೆಚ್ಚಿ ಅವರು ಕೊಟ್ಟ ಬಿರುದು ಅದು. ಆಫೀಸಿನಿಂದ ಬೀದಿಗೆ, ಬೀದಿಯಿಂದ ಮನೆಗೆ ಬಂದು ಅಲ್ಲಿಯೇ ನಿಂತಿತು. ಇಪ್ಪತ್ತು ವರ್ಷಗಳಾದರೂ ಕೆಂಡ ಆರಿರಲಿಲ್ಲ, ಹಮಾಲರು ಎಸೆಯುವುದನ್ನೂ ಬಿಟ್ಟಿರಲಿಲ್ಲ.

ಸಾಗಣೆಯ ಇತಿಹಾಸವನ್ನು ಕೆಂಡಪ್ಪ ತನ್ನದೇ ರೀತಿಯಲ್ಲಿ ಹೇಳುತ್ತಿದ್ದ. ಒಬ್ಬ ಮನುಷ್ಯ ಮಡಕೆ ಮಾಡುವುದನ್ನು ಕಲಿತ. ಮಾರನೆಯ ದಿನ ಇನ್ನೊಬ್ಬ ಅದನ್ನು ಪಕ್ಕದೂರಿಗೆ ಒಯ್ಯುವಾಗ ಬೀಳಿಸಿದ. ಆಮೇಲೆ ಕತ್ತೆ ಹೋಗಿ ಗಾಡಿ ಬಂತು, ಗಾಡಿ ಹೋಗಿ ರೈಲು ಬಂತು, ಲಾರಿ ಬಂತು, ಬೆಟ್ಟದಂಥ ಹಡಗುಗಳ ಮೇಲೆ ಕಬ್ಬಿಣದ ಪೆಟ್ಟಿಗೆಗಳು ಬಂದವು. ಬೀಳಿಸುವವನು ಮಾತ್ರ ಬದಲಾಗಲಿಲ್ಲ.

ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ಈ ಇತಿಹಾಸ ಹಿಡಿಸುತ್ತಿರಲಿಲ್ಲ. ವಯಸ್ಸಿನಲ್ಲಿ ಚಿಕ್ಕವನು, ಇಸ್ತ್ರಿ ಕೆಡದ ಅಂಗಿಯವನು, ಪ್ರತಿ ಸೋಮವಾರ ಬೆಳಗ್ಗೆ ಗೋದಾಮಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡುತ್ತಿದ್ದ. “ದೊಡ್ಡ ದೊಡ್ಡ ಸೈನ್ಯಗಳು ಸೋತಿದ್ದು ಕತ್ತಿಯಿಂದಲ್ಲ. ಹಿಟ್ಟು ಹೊತ್ತಿಗೆ ಸರಿಯಾಗಿ ತಲುಪದೆ! ಆದ್ದರಿಂದ ನಮಗೆ ಬೇಕಾಗಿರೋದು ಏನು? ಕಾರ್ಯತಂತ್ರ!”

ಹಮಾಲರ ಮೇಸ್ತ್ರಿ ಕೈಕಟ್ಟಿ ನಿಂತು, “ಹಿಟ್ಟಿನ ಮೂಟೇನ ಯಾರೋ ಮೆತ್ತಗೆ ಇಟ್ಟಿರಬೇಕು ಸಾರ್. ಅದಕ್ಕೇ ತಡ ಆಗಿರೋದು,” ಎನ್ನುತ್ತಿದ್ದ. ಮೇಸ್ತ್ರಿ ಎತ್ತಿನಂಥ ಆಳು. ಅವನ ದನಿ ಮಾತ್ರ ಬೆಣ್ಣೆಯಷ್ಟು ಮೆತ್ತಗಿತ್ತು. ಆ ದನಿ ಕೇಳಿದರೆ ಕೆಂಡಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಆಫೀಸಿನಿಂದ ಅವನು ಒಂದು ತೊಟ್ಟಿಲನ್ನು ಕಳಿಸಬೇಕಾಗಿ ಬಂತು.

ತೊಟ್ಟಿಲು ಅವನ ಅಪ್ಪನ ಕೈಯದು. ಅಪ್ಪ ಬಡಗಿ. ಮೊಳೆ ಬಳಸದೆ, ಮರಕ್ಕೆ ಮರ ಕಚ್ಚಿಸಿ, ಬಾಗಿದ ಎರಡು ಕಾಲುಗಳ ಮೇಲೆ ತಾನೇ ತೂಗುವ ಹಾಗೆ ಮಾಡಿದ್ದ. ಅದರಲ್ಲಿ ಕೆಂಡಪ್ಪ ಮಲಗಿದ್ದ, ಆಮೇಲೆ ಅವನ ಒಬ್ಬಳೇ ಮಗಳು ಮಲಗಿದ್ದಳು. ಈಗ ಆ ಮಗಳಿಗೆ ದೂರದ ಊರಿನ ಗಂಡನ ಮನೆಯಲ್ಲಿ ಗಂಡು ಮಗುವಾಗಿತ್ತು. ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: “ಅಪ್ಪಾ, ತಾತ ಮಾಡಿದ ತೊಟ್ಟಿಲೇ ಬೇಕು. ಭಾನುವಾರದೊಳಗೆ ಬರದಿದ್ರೆ ನಮ್ಮತ್ತೆ ಪ್ಲಾಸ್ಟಿಕ್ಕಿಂದು ತರ್ತಾರಂತೆ.”

ಹಿಂದಿನಿಂದ ಬೀಗಿತ್ತಿಯ ದನಿಯೂ ಕೇಳಿಸಿತ್ತು: “ನಿಮ್ಮಪ್ಪ ಕಳಿಸಿದ ನಿಲುವುಗನ್ನಡೀಲಿ ಈಗಲೂ ಮುಖ ನೋಡ್ಕೋತಿದೀವಲ್ಲ, ಒಂದೊಂದು ಚೂರಲ್ಲಿ ಒಬ್ಬೊಬ್ಬರು! ತೊಟ್ಟಿಲೂ ಬರಲಿ, ಒಲೆಗೆ ಸೌದೆ ಆಗುತ್ತೆ.”

ಮಗಳ ಮದುವೆಯ ಹೊತ್ತಿನಲ್ಲಿ ಕೆಂಡಪ್ಪ ಕಳಿಸಿದ ಕನ್ನಡಿಯ ಕಥೆ ಅದು. ಇಪ್ಪತ್ತು ವರ್ಷ ಪಾರ್ಸೆಲ್ ಆಫೀಸಿನಲ್ಲಿ ಕೂತವನ ಸ್ವಂತ ಪಾರ್ಸೆಲ್ಲೇ ಪುಡಿಯಾಗಿ ತಲುಪಿತ್ತು. ಅಂದಿನಿಂದ ಬೀಗಿತ್ತಿಯ ಬಾಯಿಗೆ ಅದೇ ಎಲೆ ಅಡಿಕೆ.

“ಈ ಸಲ ಒಂದು ಗೀರು ಬೀಳಲಿ, ನನ್ನ ಹೆಸರು ಬದಲಾಯಿಸ್ಕೋತೀನಿ!” ಎಂದು ಕೆಂಡಪ್ಪ ಗುಡುಗಿದ.

“ಯಾವ ಹೆಸರು?” ಎಂದಳು ಹೆಂಡತಿ. “ಇರೋದೂ ನಿಮ್ಮದಲ್ಲ.”

ಗಾಜಿನ ಲೋಟದ ಚೀಟಿ ಪ್ರಯೋಜನವಿಲ್ಲ ಎಂದು ಕೆಂಡಪ್ಪನಿಗೆ ಗೊತ್ತಿತ್ತು. ಆದರೆ ಹಮಾಲರು ಹೆದರುವ ಒಂದೇ ಒಂದು ಚೀಟಿ ಈ ಭೂಮಿಯ ಮೇಲಿರುವುದೂ ಅವನಿಗೆ ಗೊತ್ತಿತ್ತು. ರಾಸಾಯನಿಕದ ಡ್ರಮ್ಮುಗಳ ಮೇಲೆ ಅಂಟಿಸುವ ತಲೆಬುರುಡೆಯ ಚೀಟಿ. ಮೇಸ್ತ್ರಿಯಂಥ ಮೇಸ್ತ್ರಿಯೂ ಆ ಚಿತ್ರವಿರುವ ಸರಕನ್ನು ಉಸಿರು ಬಿಗಿಹಿಡಿದು ಎತ್ತುತ್ತಿದ್ದ. ಕೆಂಡಪ್ಪ ಗೋದಾಮಿನ ಚೀಟಿಯ ಸುರುಳಿಯಿಂದ ಎರಡು ಹರಿದು ಜೇಬಿಗೆ ಹಾಕಿಕೊಂಡ. ಒಂದನ್ನು ತೊಟ್ಟಿಲಿನ ಮರದ ಪೆಟ್ಟಿಗೆಗೆ ಅಂಟಿಸಿದ. ಇನ್ನೊಂದನ್ನು ಸುಮ್ಮನೆ ಹಾಳುಮಾಡುವುದೇಕೆಂದು ಅಡುಗೆಮನೆಯ ತಿಂಡಿ ಡಬ್ಬಿಗೆ ಅಂಟಿಸಿದ. ವಾರಕ್ಕೆಂದು ಬಂದು ತಿಂಗಳಾದರೂ ಕದಲದ ಭಾಮೈದನೊಬ್ಬ ಮನೆಯಲ್ಲಿದ್ದ. ಅವನ ಕೈ ಸದಾ ಆ ಡಬ್ಬಿಯಲ್ಲೇ ಇರುತ್ತಿತ್ತು.

“ಇದಕ್ಕೆ ಕಾರ್ಯತಂತ್ರ ಅಂತಾರೆ!” ಎಂದು ಹೆಂಡತಿಗೆ ಹೇಳಿದ.

“ನಂಗೇನೋ ಇದಕ್ಕೆ ತಲೆಹರಟೆ ಅಂತಾರೆ ಅನ್ನಿಸುತ್ತೆ,” ಎಂದಳು ಅವಳು.

ಗುರುವಾರ ಬೆಳಗ್ಗೆ ಪೆಟ್ಟಿಗೆ ಆಫೀಸು ಸೇರಿತು. ಕೆಂಡಪ್ಪ ತನ್ನ ಕೈಯಿಂದಲೇ ‘ಮನೆ ಸಾಮಾನು’ ಎಂದು ಬುಕ್ ಮಾಡಿ, ಏನೂ ತಿಳಿಯದವನಂತೆ ಪೆನ್ನು ಕಚ್ಚುತ್ತಾ ಕುಳಿತ. ಮೇಸ್ತ್ರಿ ಪೆಟ್ಟಿಗೆಯ ಹತ್ತಿರ ಬಂದ. ಚೀಟಿ ನೋಡಿದ. ಬೀಡಿ ಆರಿಸಿದ. ಮೂವರನ್ನು ಕರೆದ. ನಾಲ್ವರೂ ಅಂಗೈಗೆ ಬಟ್ಟೆ ಸುತ್ತಿಕೊಂಡು, “ನಿಧಾನ, ನಿಧಾನ, ಕಾಲು ನೋಡ್ಕೊಂಡು,” ಎನ್ನುತ್ತಾ ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ ಚೆಂದ ನೋಡಿ ಕೆಂಡಪ್ಪನ ಕಣ್ಣು ತುಂಬಿ ಬಂತು. ಹಸುಗೂಸನ್ನು ಎತ್ತುವವರೂ ಹಾಗೆ ಎತ್ತುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಗೋದಾಮಿನಲ್ಲಿ ಒಂದು ಮನೆ ಸಾಮಾನು ಸದ್ದಿಲ್ಲದೆ ನೆಲ ಮುಟ್ಟಿತು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಸಲು ಲಾರಿ ಡ್ರೈವರು ಬಿಡಲಿಲ್ಲ.

“ಇದನ್ನ ನಾನು ಹಾಕ್ಕೊಳ್ಳಲ್ಲ,” ಎಂದ ಅವನು. “ಲಾರೀಲಿ ಅಕ್ಕಿ ಮೂಟೆ ಇದೆ. ತಿನ್ನೋ ಪದಾರ್ಥದ ಜೊತೆ ವಿಷ ಹೋಗೋ ಹಾಗಿಲ್ಲ. ಕಾನೂನು.”

“ವಿಷ ಅಲ್ಲ ಕಣೋ ಅದು! ಹಾಕ್ಕೋ!”

“ಚೀಟಿ ಇದೆಯಲ್ಲ?”

“ಚೀಟಿ ಕಿತ್ತು ಬಿಸಾಕು!”

ಮೇಸ್ತ್ರಿ ಮೆತ್ತಗೆ ಕೆಮ್ಮಿ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಆಳೆತ್ತರದ ಕೆಂಪಕ್ಷರದಲ್ಲಿ, ಕೆಂಡಪ್ಪನ ಸ್ವಂತ ಕೈಬರಹದಲ್ಲಿ ಹೀಗಿತ್ತು: ‘ಅಪಾಯದ ಚೀಟಿಯನ್ನು ಯಾರೂ ಕೀಳತಕ್ಕದ್ದಲ್ಲ. ಕಿತ್ತವರನ್ನು ಆ ಕ್ಷಣವೇ ಹೊರಗೆ ಹಾಕಲಾಗುವುದು.’ ಹೋದ ವರ್ಷ ಹಮಾಲನೊಬ್ಬ ಡ್ರಮ್ಮಿನ ಚೀಟಿ ಕಿತ್ತು ತನ್ನ ಊಟದ ಡಬ್ಬಿಗೆ ಅಂಟಿಸಿಕೊಂಡಿದ್ದಾಗ ಕೆಂಡಪ್ಪ ಏಣಿ ಹತ್ತಿ ಬರೆದದ್ದು ಅದು. ಬರೆಯುವಾಗ ಅವನು ಹಲ್ಲು ಕಡಿದದ್ದು ಕೆಳಗೆ ನಿಂತವರಿಗೂ ಕೇಳಿಸಿತ್ತು.

“ನಾವು ಕೀಳಲ್ಲ ಸಾರ್,” ಎಂದ ಮೇಸ್ತ್ರಿ. “ನೀವೇ ಹೇಳಿಕೊಟ್ಟಿದ್ದು.”

ಗಲಾಟೆ ಕೇಳಿ ಮ್ಯಾನೇಜರು ಬಂದ. ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಬುಕಿಂಗ್‌ನಲ್ಲಿ ಮನೆ ಸಾಮಾನು ಅಂತಿದೆ. ಚೀಟೀಲಿ ವಿಷ ಅಂತಿದೆ. ಎರಡರಲ್ಲಿ ಯಾವುದೋ ಒಂದು ಸುಳ್ಳು. ಯಾವುದು?”

“ಚೀಟಿ ಸಾರ್. ಒಳಗಿರೋದು ತೊಟ್ಟಿಲು.”

“ಅಂದ್ರೆ ಸುಳ್ಳು ಚೀಟಿ ಅಂಟಿಸಿದೀರಿ. ಅದು ಅಪರಾಧ.”

“ಹಾಗಾದ್ರೆ ಚೀಟಿ ನಿಜ ಅಂದ್ಕೊಳ್ಳಿ!”

“ಅಂದ್ರೆ ವಿಷಾನ ಮನೆ ಸಾಮಾನು ಅಂತ ಬುಕ್ ಮಾಡಿದೀರಿ. ಅದು ಇನ್ನೂ ದೊಡ್ಡ ಅಪರಾಧ. ಎರಡರಲ್ಲಿ ನಿಮಗೆ ಯಾವುದು ಬೇಕು, ನಿಧಾನವಾಗಿ ಯೋಚನೆ ಮಾಡಿ. ನಾನು ಅಷ್ಟರಲ್ಲಿ ಸುರಕ್ಷತಾ ಅಧಿಕಾರಿಗಳಿಗೆ ಫೋನ್ ಮಾಡ್ತೀನಿ.”

ಕೆಂಡಪ್ಪನ ಪಿತ್ತ ನೆತ್ತಿಗೇರಿತು. ಆದರೆ ಅಧಿಕಾರಿಗಳು ಬರುವಷ್ಟರಲ್ಲಿ ಪೆಟ್ಟಿಗೆ ಹಿತ್ತಲಿನ ಬಯಲಿನ ನಟ್ಟನಡುವೆ, ಸುತ್ತ ಹಳದಿ ಪಟ್ಟಿ ಕಟ್ಟಿಸಿಕೊಂಡು, ಒಂಟಿಯಾಗಿ ಬಿಸಿಲಲ್ಲಿ ಕುಳಿತಿತ್ತು.

ಸುರಕ್ಷತಾ ಅಧಿಕಾರಿ ತೆಳ್ಳಗಿನ ಮನುಷ್ಯ. ಜೊತೆಗೆ ಬರೆದುಕೊಳ್ಳಲು ಒಬ್ಬ ಸಹಾಯಕ. ಅಧಿಕಾರಿ ದನಿ ಏರಿಸುತ್ತಿರಲಿಲ್ಲ, ನಗುತ್ತಿರಲಿಲ್ಲ, ಸಿಟ್ಟಾಗುತ್ತಿರಲಿಲ್ಲ. ಸಿಟ್ಟುಗಾರನಿಗೆ ಇಂಥ ಮನುಷ್ಯ ಸಿಗುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಗೋಡೆಯಾದರೂ ಗುದ್ದಿದರೆ ಸದ್ದು ಮಾಡುತ್ತದೆ.

“ಪೆಟ್ಟಿಗೇಲಿ ಏನಿದೆ?”

“ತೊಟ್ಟಿಲು.”

“ತೊಟ್ಟಿಲೊಳಗೆ?”

“ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ ಹೇಗೆ? ಏನಾದ್ರೂ ಇರಲೇಬೇಕಲ್ಲ.”

“ಗಾಳಿ ಇದೆ! ಸಾಕಾ? ಗಾಳಿ!”

ಅಧಿಕಾರಿ ಸಹಾಯಕನ ಕಡೆ ತಿರುಗಿದ. “ಅನಿಲ ಅಂತ ಬರ್ಕೊಳ್ಳಿ. ಯಾವ ತರಹದ್ದು ಅಂತ ಇವರಿಗೆ ಗೊತ್ತಿಲ್ಲ.”

“ಖಾಲಿ ತೊಟ್ಟಿಲು ಸ್ವಾಮೀ!”

“ಖಾಲಿ ಇದ್ರೆ ಇನ್ನೂ ಜೋಪಾನವಾಗಿರಬೇಕು. ವಿಷದ ಡ್ರಮ್ಮು ಖಾಲಿಯಾದ್ರೂ ತೊಳೆಯೋ ತನಕ ತುಂಬಿದ ಹಾಗೇ ಅಂತ ನಿಯಮ.”

“ಇದರಲ್ಲಿ ವಿಷ ತುಂಬಿರಲೇ ಇಲ್ಲ!”

“ಹಾಗಾದ್ರೆ ಯಾವಾಗ ಖಾಲಿ ಮಾಡಿದ್ರಿ?”

ಕೆಂಡಪ್ಪ ಮೂಲೆಯಲ್ಲಿದ್ದ ಹಾರೆಯನ್ನು ಎತ್ತಿಕೊಂಡು, “ಈಗಲೇ ಒಡೆದು ತೋರಿಸ್ತೀನಿ, ನೋಡ್ಕೊಳ್ಳಿ!” ಎಂದು ಹಳದಿ ಪಟ್ಟಿಯತ್ತ ನುಗ್ಗಿದ. ಅಲ್ಲಿಯವರೆಗೆ ಮಜಾ ನೋಡುತ್ತಿದ್ದ ಹಮಾಲರೆಲ್ಲ ಒಮ್ಮೆಲೇ ಓಡಿ ಕಾಂಪೌಂಡು ಹತ್ತಿದರು. ಮ್ಯಾನೇಜರು ಲಾರಿಯ ಕೆಳಗೆ ತೂರಿಕೊಂಡ. ಅವನ ಅಂಗಿಯ ಇಸ್ತ್ರಿ ಕೆಟ್ಟದ್ದು ಅಂದೇ ಮೊದಲು. ಅಧಿಕಾರಿ ಮಾತ್ರ ನಿಂತಲ್ಲೇ ನಿಂತು ಹೇಳಿದ:

“ಚೀಟಿ ಇರೋ ಪೆಟ್ಟಿಗೇನ ಪ್ರಯೋಗಾಲಯದಲ್ಲಿ ಮಾತ್ರ ತೆರೀಬೇಕು. ಅಲ್ಲಿಗೆ ಕಳಿಸಿದ್ರೆ ಮುಂದಿನ ತಿಂಗಳು ಫಲಿತಾಂಶ ಬರುತ್ತೆ. ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ಚೀಟಿ ಅಂಟಿಸಿದವರು, ಅದನ್ನ ನೋಡಿದ ಎಲ್ಲ ಕೆಲಸಗಾರರ ಎದುರಿಗೆ ನಿಂತು, ‘ನಾನು ಸುಳ್ಳು ಹೇಳಿದೆ’ ಅಂತ ಗಟ್ಟಿಯಾಗಿ ಹೇಳಿ, ತಮ್ಮ ಕೈಯಿಂದಲೇ ಕೀಳಬೇಕು. ಅಲ್ಲಿಗೆ ಮುಗೀತು.”

ಕೆಂಡಪ್ಪ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದ ಹಮಾಲರನ್ನು ನೋಡಿದ. ಇಪ್ಪತ್ತು ವರ್ಷ ಸುಳ್ಳರು, ಕಳ್ಳರು, ಕೈಗೆ ಎಲುಬಿಲ್ಲದವರು ಎಂದು ತಾನು ಬೈದ ಮುಖಗಳು. ಮೇಸ್ತ್ರಿ ಬೆಣ್ಣೆಯಂತೆ ನಕ್ಕ.

“ಇವರ ಎದುರಿಗಾ? ನಾನಾ? ನನ್ನ ಹೆಣ ಹೇಳಬೇಕು!”

“ಹೆಣ ಹೇಳಿದ್ರೆ ನಿಯಮದಲ್ಲಿ ನಡೆಯಲ್ಲ,” ಎಂದ ಅಧಿಕಾರಿ. “ಸುಳ್ಳು ಅಂತ ನೀವು ಹೇಳಲ್ಲ. ಅಂದ್ರೆ ಚೀಟಿ ನಿಜ. ನಿಜ ಆದ್ರೆ ಸರಕು ತಲುಪೋ ಮನೆಗೆ ವಿಷಯ ತಿಳಿಸಬೇಕು. ಅದನ್ನ ತುಂಬಿದ ಮನೇನೂ ನೋಡಬೇಕು. ನಡೀರಿ.”

ಬೀದಿಯ ಜನ ತಮ್ಮ ಜೀವಮಾನದಲ್ಲಿ ಕೆಂಡಪ್ಪನ ಮನೆಯನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಬಿಸಿಲಿನ್ನೂ ಇಳಿದಿರಲಿಲ್ಲ. ಬಾಗಿಲಿಗೆ ಹಳದಿ ಪಟ್ಟಿ ಬಂತು, ಕಿಟಕಿಗೂ ಬಂತು. ಎದುರುಮನೆ ಟೈಲರು ಹೊಲಿಗೆ ಯಂತ್ರವನ್ನು ಅರ್ಧ ತೋಳಿನಲ್ಲೇ ಬಿಟ್ಟು ಓಡಿ ಬಂದ.

“ನಾನು ಅವತ್ತೇ ಅಂದ್ಕೊಂಡೆ!” ಎಂದು ಅಧಿಕಾರಿಯ ಕೈ ಹಿಡಿದ. “ವಾರದಿಂದ ಕಣ್ಣುರಿ. ಸೂಜಿಗೆ ದಾರ ಹೋಗ್ತಿಲ್ಲ. ಎಲ್ಲ ಈ ಮನೆ ಗಾಳಿ!”

“ಕಣ್ಣಿಗೆ ಕನ್ನಡಕ ಹಾಕ್ಕೊಳ್ಳೋ ಅಂತ ಹತ್ತು ವರ್ಷದಿಂದ ನಿನ್ನ ಹೆಂಡ್ತಿ ಬಡ್ಕೋತಿದ್ದಾಳಲ್ಲೋ!” ಎಂದು ಪಟ್ಟಿಯ ಈಚೆಯಿಂದ ಕೆಂಡಪ್ಪ ಅರಚಿದ.

“ನೋಡಿ, ನೋಡಿ, ಬಾಯಲ್ಲಿ ನೊರೆ ಬರ್ತಿದೆ. ಅದೂ ಅದರದೇ ಪರಿಣಾಮ,” ಎಂದ ಟೈಲರು.

ಸಹಾಯಕ ಬರೆದುಕೊಂಡ.

ಒಳಗೆ ಹೋದ ಅಧಿಕಾರಿ ಅಡುಗೆಮನೆಯ ಕಪಾಟಿನ ಎದುರು ನಿಂತುಬಿಟ್ಟ. ತಿಂಡಿ ಡಬ್ಬಿಯ ಮೇಲೆ ತಲೆಬುರುಡೆ ಹಲ್ಲು ಕಿರಿಯುತ್ತಿತ್ತು. “ಇದೂ ನಿಮ್ಮದೇನಾ?” ಎಂದು ಅವನು ಕೇಳುವುದಕ್ಕೂ ಭಾಮೈದ ಹಿತ್ತಲಿನಿಂದ ಏನೋ ಅಗಿಯುತ್ತಾ ಒಳಗೆ ಬರುವುದಕ್ಕೂ ಸರಿಹೋಯಿತು. ಅಧಿಕಾರಿಯ ಕೈಗವಸು ನೋಡಿದ. ಡಬ್ಬಿಯನ್ನು ಇಕ್ಕುಳದಲ್ಲಿ ಎತ್ತುತ್ತಿರುವುದನ್ನು ನೋಡಿದ. ಅಗಿಯುವುದನ್ನು ನಿಲ್ಲಿಸಿದ.

“ಭಾವಾ...” ಎಂದ, ಗಂಟಲು ಹಿಡಿದುಕೊಂಡು. “ಅದು ನಿಜವಾದ ಚೀಟೀನಾ? ನನ್ನನ್ನ ಹೆದರಿಸೋಕೆ ಅಂಟಿಸಿದೀರಿ ಅಂದ್ಕೊಂಡಿದ್ನಲ್ಲ! ಬೆಳಗ್ಗೆಯಿಂದ ಅರ್ಧ ಡಬ್ಬಿ ತಿಂದಿದೀನಿ!”

“ಅರ್ಧ ಡಬ್ಬೀನಾ?” ಕೆಂಡಪ್ಪನಿಗೆ ಎಲ್ಲ ಮರೆತುಹೋಯಿತು. “ನಿನ್ನೆ ತಾನೆ ತುಂಬಿಸಿದ್ದು! ಹೊಟ್ಟೆಯೋ ಗೋದಾಮೋ ಅದು?”

ಉತ್ತರ ಹೇಳಲು ಭಾಮೈದ ನಿಂತಿರಲಿಲ್ಲ. ಅವನು ನೆಲದ ಮೇಲೆ ಉದ್ದಕ್ಕೆ ಮಲಗಿ, ಕಾಲು ತಣ್ಣಗಾಗುತ್ತಿದೆ ಎಂದೂ, ಕಣ್ಣೆದುರು ಬೆಳಕು ಕಾಣುತ್ತಿದೆ ಎಂದೂ, ಭಾವನನ್ನು ತಾನು ಕ್ಷಮಿಸಿದ್ದೇನೆಂದೂ, ಆದರೆ ಪೊಲೀಸರು ಕ್ಷಮಿಸಬಾರದೆಂದೂ ಹೇಳುತ್ತಿದ್ದ. ಬೆಳಕು ಕಂಡದ್ದು ನಿಜ. ಅವನು ಕಿಟಕಿಯ ಕಡೆ ತಲೆಯಿಟ್ಟು ಮಲಗಿದ್ದ. ಅವನನ್ನು ಆಸ್ಪತ್ರೆಗೆ ಒಯ್ಯಲು ನಾಲ್ಕು ಜನ ಬೇಕಾದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇಷ್ಟು ಆರೋಗ್ಯವಂತನನ್ನು ಈಚೆಗೆ ನೋಡಿಲ್ಲ, ತಿನ್ನುವುದು ಸ್ವಲ್ಪ ಕಡಿಮೆ ಮಾಡಲಿ ಎಂದು ವಾಪಸು ಕಳಿಸಿದರು.

“ಕೇಳಿದ್ರಾ? ಡಬ್ಬೀಲಿ ವಿಷ ಇಲ್ಲ!” ಎಂದು ಕೆಂಡಪ್ಪ ಅಧಿಕಾರಿಯ ಮುಂದೆ ಕೈ ಆಡಿಸಿದ.

“ಡಬ್ಬಿಯದು ಮುಗೀತು,” ಎಂದ ಅಧಿಕಾರಿ. “ಪೆಟ್ಟಿಗೇಲಿರೋದನ್ನ ತಿಂದವರು ಯಾರಾದ್ರೂ ಇದ್ದಾರಾ?”

ಆ ಕ್ಷಣದಲ್ಲಿ ಕೆಂಡಪ್ಪ ಏನು ಮಾಡುತ್ತಿದ್ದನೋ ಹೇಳಲಾಗದು. ಅಷ್ಟರಲ್ಲಿ ಹೆಂಡತಿ ಫೋನನ್ನು ಅವನ ಕಿವಿಗೆ ಒತ್ತಿದಳು. ಬೀಗಿತ್ತಿ.

“ಏನ್ರೀ ಬೀಗರೇ! ಯಾರೋ ಅಧಿಕಾರಿ ಫೋನ್ ಮಾಡಿ, ನಿಮ್ಮ ಮನೆಗೆ ವಿಷಾನಿಲ ಬರ್ತಿದೆ, ನೀವು ತರಿಸ್ಕೊಂಡಿದ್ದಾ ಅಂತ ಕೇಳ್ತಾನೆ! ಕನ್ನಡಿ ಒಡೆದಿದ್ದು ಸಾಲದು ಅಂತ ಈಗ ಇದಾ? ನಾನು ನಿಮಗೆ ಏನು ಮಾಡಿದ್ದೆ? ಆಡಿದ್ದು ಎರಡು ಮಾತು. ಎರಡು ಮಾತಿಗೆ ವಿಷ ಕಳಿಸ್ತಾರೇನ್ರೀ?”

“ಅದು ತೊಟ್ಟಿಲು ಕಣ್ರೀ!” ಎಂದು ಕೆಂಡಪ್ಪ ಕೂಗಿದ ಕೂಗಿಗೆ ಟೈಲರು ಮತ್ತೆ ಬಾಗಿಲಿಗೆ ಬಂದ.

ಆ ಕಡೆ ಫೋನು ಕೈ ಬದಲಾಯಿತು. ಮಗಳ ದನಿ. ಅವಳು ಕೂಗಲಿಲ್ಲ.

“ಅಪ್ಪಾ, ಮಗೂನ ಬಟ್ಟೆ ಬುಟ್ಟೀಲಿ ಮಲಗಿಸ್ತಿದೀನಿ. ನೀನು ಕಳಿಸ್ತೀಯ ಅಂತ ಇನ್ನೂ ತಡೆದಿದೀನಿ. ಆಗಲ್ಲ ಅಂದ್ರೆ ಹೇಳಿಬಿಡು. ಪ್ಲಾಸ್ಟಿಕ್ಕಿಂದೇ ತರಲಿ.”

ಕೆಂಡಪ್ಪ ಫೋನು ಇಟ್ಟ. ಹೆಂಡತಿ ಎದುರಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ನಿಮಗೆ ನಿಮ್ಮ ಮೂಗು ದೊಡ್ಡದೋ, ಮೊಮ್ಮಗ ದೊಡ್ಡವನೋ?”

“ಆ ಹಮಾಲರ ಎದುರಿಗೆ ನಾನು...”

“ಅವರ ಎದುರಿಗೆ ಇಪ್ಪತ್ತು ವರ್ಷ ಕೂಗಾಡಿದೀರಿ. ಇನ್ನೊಂದು ಸಲ ಕೂಗೋಕೆ ಏನು ಕಷ್ಟ? ಈ ಸಲ ಕೂಗೋದರಲ್ಲಿ ನಿಜ ಆದ್ರೂ ಇರುತ್ತೆ.”

ಶುಕ್ರವಾರ ಸಂಜೆಯ ಲಾರಿ ತಪ್ಪಿದರೆ ಭಾನುವಾರಕ್ಕೆ ತಲುಪುವ ಬೇರೆ ಲಾರಿ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಕೆಂಡಪ್ಪ ಹಿತ್ತಲಿನ ಬಯಲಿನಲ್ಲಿ ಪೆಟ್ಟಿಗೆಯ ಪಕ್ಕ ನಿಂತ. ಎದುರಿಗೆ ಹಮಾಲರ ಸಾಲು. ಅಂದು ರಜೆಯಲ್ಲಿದ್ದವರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಮ್ಯಾನೇಜರು ಹೊಸದಾಗಿ ಇಸ್ತ್ರಿಯಾಗಿ ನಿಂತಿದ್ದ. ಅಧಿಕಾರಿ ತಲೆ ಆಡಿಸಿ, ಶುರು ಮಾಡಬಹುದು ಎಂದ.

“ಸುಳ್ಳು ಹೇಳಿದೆ,” ಎಂದ ಕೆಂಡಪ್ಪ ತನ್ನ ಚಪ್ಪಲಿಗೆ.

“ಕೇಳಿಸ್ಲಿಲ್ಲ ಸಾರ್,” ಎಂದ ಮೇಸ್ತ್ರಿ. “ಹಿಂದಿನವರು ಕೇಳ್ತಿದಾರೆ, ಯಾರು ಹೇಳಿದ್ದು ಅಂತ.”

“ನಾನು! ನಾನು ಸುಳ್ಳು ಹೇಳಿದೆ! ಸಾಕಾ? ಈ ಪೆಟ್ಟಿಗೇಲಿ ವಿಷ ಇಲ್ಲ! ಯಾಕೆ ಹೇಳಿದೆ ಕೇಳ್ರೋ! ನೀವು ಗಡಿಯಾರ ಎಸೆದ್ರಿ, ನನ್ನ ಮಗಳ ಮದುವೆ ಕನ್ನಡಿ ಎಸೆದ್ರಿ, ದೇವರನ್ನ ಪಾರ್ಸೆಲ್ ಮಾಡಿದ್ರೂ ಎಸೀತೀರಿ! ನಿಮ್ಮ ಕೈಗೆ ಸಿಕ್ಕಿದ್ದು ಪುಡಿಯಾಗದೆ ಹೋಗಬೇಕು ಅಂದ್ರೆ ನಿಮಗೆ ಸಾವಿನ ಭಯ ಹುಟ್ಟಿಸದೆ ಬೇರೆ ದಾರಿ ಇಲ್ಲ! ಅದಕ್ಕೇ ಸುಳ್ಳು ಹೇಳಿದೆ, ಮತ್ತೆ ಹೇಳ್ತೀನಿ, ನೂರು ಸಲ ಹೇಳ್ತೀನಿ!”

“ಒಂದು ಸಲ ಸಾಕು,” ಎಂದ ಅಧಿಕಾರಿ. “ಕೀಳಿ.”

ಅಂಟು ಗಟ್ಟಿಯಾಗಿತ್ತು. ಮೊದಲು ದವಡೆ ಬಂತು, ಆಮೇಲೆ ಒಂದು ಕಣ್ಣು, ಕೊನೆಗೆ ಉಗುರಿನಿಂದ ಕೆರೆದಾಗ ನೆತ್ತಿ. ಹಮಾಲರು ಚಪ್ಪಾಳೆ ತಟ್ಟಿದರು. ಅಧಿಕಾರಿ ಎಲ್ಲರಿಗೂ ಒಂದೇ ಅಳತೆಯ ನಮಸ್ಕಾರ ಮಾಡಿ ಹೊರಟುಹೋದ. ಪೆಟ್ಟಿಗೆ ಈಗ ಶುದ್ಧ ಮನೆ ಸಾಮಾನಾಗಿತ್ತು.

ಮನೆ ಸಾಮಾನಿಗೆ ಆ ಗೋದಾಮಿನಲ್ಲಿ ಏನಾಗುತ್ತದೋ ಅದೇ ಆಯಿತು.

ಕೆಂಡಪ್ಪ ಬೆವರು ಒರೆಸಿಕೊಳ್ಳಲು ಮುಖಕ್ಕೆ ಕರವಸ್ತ್ರ ಹಿಡಿದದ್ದಷ್ಟೆ. ಎರಡು ದಿನ ಇಲ್ಲದ ವಿಷಕ್ಕೆ ಹೆದರಿ ಕಾಂಪೌಂಡು ಹತ್ತಿ ಕೂತಿದ್ದ ತೋಳುಗಳು ಸುಮ್ಮನಿರಲಿಲ್ಲ. ಒಬ್ಬ ಎತ್ತಿದ, ಇನ್ನೊಬ್ಬ “ಹೋ!” ಎಂದ. ಕರವಸ್ತ್ರ ಕೆಳಗಿಳಿಸಿದಾಗ ಪೆಟ್ಟಿಗೆ ಆಕಾಶದಲ್ಲಿತ್ತು. ಹಿಡಿಯಬೇಕಾದವನು ಇನ್ನೂ ನಗುತ್ತಿದ್ದ. ಪೆಟ್ಟಿಗೆ ಅವನ ತಲೆಯ ಮೇಲೆ ಹಾದು, ಬಯಲಿನಾಚೆ ಗೋದಾಮಿನ ಬಾಗಿಲ ಕಲ್ಲುನೆಲಕ್ಕೆ ಮೂಲೆ ಕೊಟ್ಟು ಬಿದ್ದು, ಪಟಪಟನೆ ನಾಲ್ಕು ಕಡೆಗೂ ಬಿಚ್ಚಿಕೊಂಡಿತು.

ಕೆಂಡಪ್ಪ ಕೂಗಲಿಲ್ಲ. ಕೂಗಲು ಉಸಿರು ಬೇಕಲ್ಲ.

ಧೂಳು ಕೂತಿತು. ಒಡೆದ ಹಲಗೆಗಳ ನಡುವೆ ತೊಟ್ಟಿಲು ತನ್ನ ಬಾಗಿದ ಕಾಲುಗಳ ಮೇಲೆ ನಿಂತಿತ್ತು. ನಿಂತು ತೂಗುತ್ತಿತ್ತು. ಆ ಕಡೆ, ಈ ಕಡೆ, ಆ ಕಡೆ, ಈ ಕಡೆ. ಒಂದು ಕೀಲು ಕದಲಿರಲಿಲ್ಲ, ಒಂದು ಗೀರು ಬಿದ್ದಿರಲಿಲ್ಲ.

ಕೆಂಡಪ್ಪ ಹತ್ತಿರ ಹೋದ. ಮೊಣಕಾಲೂರಿ ಕೂತ. ಮುಖ ಕೆಂಪಗಾಯಿತು, ಕುತ್ತಿಗೆಯ ನರ ಉಬ್ಬಿತು, ಮೂರು ದಶಕದ ಹಿಂದೆ ತೀರಿಕೊಂಡವನ ಮೇಲೆ ಅವನ ಕೋಪ ಸಿಡಿಯಿತು:

“ಅಪ್ಪಾ! ಎಸೆದ್ರೂ ಒಡೆಯಲ್ಲ ಅಂತ ಮೊದಲೇ ಹೇಳಬಾರದಿತ್ತಾ! ಬೀದೀಲೆಲ್ಲ ನನ್ನ ಮಾನ ಹೋಯ್ತಲ್ಲೋ ಅಪ್ಪಾ!”

ಯಾರೂ ನಗಲಿಲ್ಲ. ಪೆಟ್ಟಿಗೆಗಳನ್ನು ಮಾತ್ರ ನೋಡಿ ಗೊತ್ತಿದ್ದ ಆ ಕೈಗಳಿಗೆ ಪೆಟ್ಟಿಗೆಯ ಒಳಗಿನದು ಕಂಡದ್ದು ಅಪರೂಪ. ಎಸೆದವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಮೇಸ್ತ್ರಿ ಬಂದು, ತೂಗುತ್ತಿದ್ದ ತೊಟ್ಟಿಲಿಗೆ ಒಂದು ಬೆರಳು ಕೊಟ್ಟು ನಿಲ್ಲಿಸಿದ.

“ಯಾರಿಗೆ ಸಾರ್ ಇದು?”

“ಮೊಮ್ಮಗನಿಗೆ ಕಣೋ, ಕತ್ತೆ!”

“ಮೊದಲೇ ಹೇಳೋದಲ್ವಾ?”

“ಮೊದಲೇ ಹೇಳಿದ್ರೆ ಏನು ಕಿಸೀತಿದ್ದೆ?”

ಮೇಸ್ತ್ರಿ ನಾಲ್ಕು ಜನರನ್ನು ಕರೆದ. ಅಂಗೈಗೆ ಬಟ್ಟೆ ಸುತ್ತಿಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಆದರೂ ಸುತ್ತಿಕೊಂಡರು. ಪೆಟ್ಟಿಗೆಯಿಲ್ಲದೆ, ಬರಿಯ ತೊಟ್ಟಿಲನ್ನು ಲಾರಿಯ ಮೇಲೆ ಅಕ್ಕಿ ಮೂಟೆಗಳ ನಡುವೆ ಕೂರಿಸಿ, ಹಗ್ಗ ಬಿಗಿದರು. ಮ್ಯಾನೇಜರು ಓಡಿ ಬಂದು, “ಇದೇ ನಮ್ಮ ಹೊಸ ಕಾರ್ಯತಂತ್ರ! ಸೋಮವಾರದಿಂದ ಎಲ್ಲ ಸರಕೂ ಪೆಟ್ಟಿಗೆ ಇಲ್ಲದೆ!” ಎಂದ. ಕೆಂಡಪ್ಪ ಅವನ ಕಡೆ ತಿರುಗಿದ ರೀತಿಗೆ ಅವನು ಸೋಮವಾರವನ್ನು ಅಲ್ಲೇ ನುಂಗಿಕೊಂಡ.

ಲಾರಿ ಹೊರಡುವ ಮುನ್ನ ಮೇಸ್ತ್ರಿ ತೊಟ್ಟಿಲಿನ ಕೆಳಗೆ ಬಗ್ಗಿ ಏನೋ ಸರಿಮಾಡಿ ಎದ್ದ. “ಮುಂದಿನ ಊರಲ್ಲಿ ಲಾರಿ ಬದಲಾಗುತ್ತಲ್ಲ ಸಾರ್,” ಎಂದು ಮೆತ್ತಗೆ ಹೇಳಿದ. “ಅಲ್ಲಿ ಹಮಾಲರು ನಮ್ಮಷ್ಟು ಒಳ್ಳೆಯವರಲ್ಲ. ನೀವೇನೂ ಚಿಂತೆ ಮಾಡಬೇಡಿ.” ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಕೆಂಡಪ್ಪನಿಗೆ ಆ ದನಿ ಕೇಳಿ ಮೈ ಉರಿಯಲಿಲ್ಲ. ಅವನ ಭುಜ ತಟ್ಟಿಯೂ ಬಿಟ್ಟ. ತಪ್ಪಾದದ್ದು ಅಲ್ಲೇ.

ಭಾನುವಾರ ಬೆಳಗ್ಗೆ ಮಗಳ ಫೋನು ಬಂತು.

“ಅಪ್ಪಾ, ಬಂತು! ಒಂದು ಗೀರೂ ಇಲ್ಲ. ಮಗು ಮಲಗಿಸಿದ ತಕ್ಷಣ ನಿದ್ದೆ ಮಾಡ್ತು.”

ಕೆಂಡಪ್ಪನ ಎದೆ ಅಗಲವಾಯಿತು. “ನಿಮ್ಮತ್ತೆ ಎಲ್ಲಿ? ಕರಿ ಅವರನ್ನ. ಕನ್ನಡಿ ವಿಷಯ ಈಗ ಮಾತಾಡಲಿ!”

“ಅತ್ತೆ ಬಾಗಿಲಲ್ಲಿ ನಿಂತಿದಾರೆ ಅಪ್ಪ. ಯಾರೋ ಅಧಿಕಾರಿಗಳು ಬಂದು ಬೀದಿಗೆ ಹಳದಿ ಪಟ್ಟಿ ಕಟ್ತಿದಾರೆ. ತೊಟ್ಟಿಲ ಅಡಿಯಲ್ಲಿ ಎಂಥದೋ ತಲೆಬುರುಡೆ ಚೀಟಿ ಅಂಟಿದೆಯಂತಲ್ಲ, ಇಳಿಸಿದವರು ನೋಡಿ ಹೇಳಿದ್ರಂತೆ...”

ಫೋನಿನೊಳಗಿಂದ ಬೀಗಿತ್ತಿಯ ಗರ್ಜನೆ ಕೇಳಿಸಿತು. “ಅದು ತೊಟ್ಟಿಲು ಕಣ್ರೀ!” ತನ್ನದೇ ಮಾತು, ತನ್ನದೇ ರಾಗ. ಆ ಹೆಂಗಸಿನ ಮೇಲೆ ಕೆಂಡಪ್ಪನಿಗೆ ಜೀವನದಲ್ಲಿ ಮೊದಲ ಸಲ ಅಭಿಮಾನ ಉಕ್ಕಿತು.

“ತೊಟ್ಟಿಲೊಳಗೆ ಏನಿದೆ?” ಎಂದಿತು ಒಂದು ಗಂಡು ದನಿ. ಆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ಮಗು!”

“ಮಗುವಿನೊಳಗೆ?”

“ಹಾಲು! ಈಗ ತಾನೇ ಕುಡಿಸಿದ ಹಾಲು!”

“ದ್ರವ ಅಂತ ಬರ್ಕೊಳ್ಳಿ,” ಎಂದಿತು ದನಿ.

ಕೆಂಡಪ್ಪ ಆಗ ಕೂಗಿದ ಕೂಗಿಗೆ ಎದುರುಮನೆ ಟೈಲರು ಸೂಜಿಯಿಂದ ಬೆರಳು ಚುಚ್ಚಿಕೊಂಡ, ಭಾಮೈದ ಡಬ್ಬಿ ಬೀಳಿಸಿದ, ದೂರದ ಆ ಊರಿನಲ್ಲಿ ಮಗಳು ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದಳು. ಮಗು ಮಾತ್ರ ಏಳಲಿಲ್ಲ. ಯಾರೂ ಮುಟ್ಟದೆಯೇ ತೊಟ್ಟಿಲು ಆ ಕಡೆ ಈ ಕಡೆ ತೂಗುತ್ತಿತ್ತು.